ಪೂರ್ತಿ ವಾಕ್ಯ ಯಾರಿಗಾಗಿ?

ಪ್ರಶ್ನೆ: ಸರ್, ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಐದನೇ ತರಗತಿಯಲ್ಲಿ 19 ಮಕ್ಕಳಿದ್ದಾರೆ. ಏನು ಕೇಳಿದರೂ ಒಂದೇ ಪದದ ಉತ್ತರ. 'ಪೂರ್ತಿ ವಾಕ್ಯದಲ್ಲಿ ಹೇಳು' ಅಂದರೆ ಸುಮ್ಮನಾಗಿಬಿಡುತ್ತಾರೆ. ಬರೆಯಲು ಕೊಟ್ಟರೆ 'ಹೊಯ್ಸಳೇಶ್ವರ ದೇವಾಲಯ ಎಲ್ಲಿದೆ ಎಂದರೆ ಹಳೇಬೀಡು' ಅಂತ ಬರೆಯುತ್ತಾರೆ. ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮ ಎಸ್ಟೇಟ್ ಕೆಲಸದವರು. ಕೆಲವರ ಮನೆಮಾತು ತಮಿಳು. ಒಬ್ಬ ಹುಡುಗಿಯಂತೂ ಜೂನ್‌ನಿಂದ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ, ನೋಟ್‌ಬುಕ್‌ನಲ್ಲಿ ಮಾತ್ರ ಬರೆಯುತ್ತಾಳೆ. ಇಂಗ್ಲಿಷಿನಲ್ಲೂ ಇದೇ ಪಾಡು. ಪೂರ್ತಿ ವಾಕ್ಯದ ಅಭ್ಯಾಸ ಮಾಡಿಸುವುದು ಹೇಗೆ?

ಉತ್ತರ: ಮೇಡಂ, ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ನಿಮ್ಮ ಕಡೆಯದೇ ಶಾಲೆ. ಒಂದು ಪದದ ಉತ್ತರ ಕೇಳಿ ಕೇಳಿ ರೋಸಿಹೋಗಿ ಒಂದು ಕಾನೂನು ಮಾಡಿದೆ: ಇವತ್ತಿನಿಂದ ಎಲ್ಲರೂ ಪ್ರಶ್ನೆಯಲ್ಲಿರುವ ಪದಗಳನ್ನೇ ಸೇರಿಸಿಕೊಂಡು ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕು. ಎರಡು ವಾರ ಕಳೆಯಿತು. ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದರು. ಮುಂದೆ ಕೂತಿದ್ದ ಹುಡುಗನನ್ನು ಎಬ್ಬಿಸಿ, 'ನಿಮ್ಮ ಊರು ಯಾವುದಪ್ಪಾ?' ಅಂದರು. ಹುಡುಗ ಕೈಕಟ್ಟಿ ನಿಂತು ಗಟ್ಟಿಯಾಗಿ ಹೇಳಿದ: 'ನಿಮ್ಮ ಊರು ಬಾಳ್ಳುಪೇಟೆ ಸಾರ್.'

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗ ನಾನು ಹೇಳಿಕೊಟ್ಟ ಹಾಗೆಯೇ ಹೇಳಿದ್ದ. ಪ್ರಶ್ನೆಯ ಪದಗಳೆಲ್ಲ ಅದರಲ್ಲಿದ್ದವು, ವಾಕ್ಯವೂ ಪೂರ್ತಿಯಾಗಿತ್ತು. ಅದನ್ನು ಯಾರಿಗೆ ಹೇಳುತ್ತಿದ್ದೇನೆ, ಯಾಕೆ ಹೇಳುತ್ತಿದ್ದೇನೆ ಅನ್ನುವುದೊಂದೇ ಅವನಿಗೆ ಗೊತ್ತಿರಲಿಲ್ಲ. ಅದನ್ನು ನಾನೂ ಯೋಚಿಸಿರಲಿಲ್ಲ.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ 'ಎಲ್ಲಿಗೆ?' ಅಂದರೆ ನೀವೇನು ಹೇಳುತ್ತೀರಿ? 'ಬೇಲೂರು, ಎರಡು.' ಅಷ್ಟೇ ಅಲ್ವಾ? 'ನಾನು ಬೇಲೂರಿಗೆ ಹೋಗುತ್ತಿದ್ದೇನೆ, ನನಗೆ ಎರಡು ಟಿಕೆಟ್ ಬೇಕು' ಅಂದರೆ ಆತ ಒಂದು ಸಲ ಮುಖ ನೋಡುತ್ತಾನೆ. ಬಿಟ್ಟುಹೋದ ಮಾತನ್ನು ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಅಧ್ಯಾಹಾರ ಅನ್ನುವ ಹೆಸರೇ ಇದೆ. ಹಾಗಾಗಿ 'ಹಳೇಬೀಡು' ಅಂತ ಒಂದೇ ಪದ ಹೇಳಿದ ಮಗು ಸೋಮಾರಿಯಲ್ಲ. ಪ್ರಶ್ನೆ ಸರಿಯಾಗಿ ಅರ್ಥವಾಗಿರುವುದರಿಂದಲೇ ಅದು ಅಷ್ಟರಲ್ಲಿ ಮುಗಿಸಿದೆ.

ಇದು ನನ್ನೊಬ್ಬನ ಮಾತಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ ಬಡ ಮಕ್ಕಳಿಗೆ ಪೂರ್ತಿ ವಾಕ್ಯವನ್ನು ಬಾಯಿಪಾಠ ಮಾಡಿಸುವ ಪದ್ಧತಿಯೊಂದು ಬಂತು. 'ಅಳಿಲು ಎಲ್ಲಿದೆ?' ಅಂದಾಗ 'ಮರದಲ್ಲಿ' ಅಂದರೆ ಅದು ಸರಿಯಾದ ಉತ್ತರವೇ ಅಲ್ಲ ಅನ್ನುವ ಮಟ್ಟಕ್ಕೆ ಹೋಗಿತ್ತು. ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ 1969ರಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಇಂಥ ತುಂಡು ಉತ್ತರವನ್ನು ಎಲ್ಲರೂ ಕೊಡುತ್ತಾರೆ, ಮಗುವಿಗೆ ಪ್ರಶ್ನೆಯ ಕಟ್ಟು ತಿಳಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅನ್ನುವುದು ಅವರ ವಾದ.

ಹಾಗಾದರೆ ಪೂರ್ತಿ ವಾಕ್ಯ ಬೇಡವೇ? ಬೇಕು. ಪ್ರಶ್ನೆ ಕೇಳಿಸಿಕೊಳ್ಳದೆ ಇರುವವರಿಗೆ ಬೇಕು. ಪತ್ರ ಓದುವವರ ಮುಂದೆ, ಅರ್ಜಿ ಓದುವ ಗುಮಾಸ್ತರ ಮುಂದೆ, ಮೂರು ತಿಂಗಳ ಮೇಲೆ ತನ್ನದೇ ನೋಟ್ಸ್ ತೆಗೆದು ನೋಡುವ ಮಗುವಿನ ಮುಂದೆ ಪ್ರಶ್ನೆ ಇರುವುದಿಲ್ಲ. ಮಕ್ಕಳಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಆಡಿಸಿ ತೋರಿಸಬೇಕು. ನಾನು ಮಾಡಿಸುತ್ತಿದ್ದ ಆಟಕ್ಕೆ ಮಕ್ಕಳೇ 'ಬಾಗಿಲಾಚೆ' ಅಂತ ಹೆಸರಿಟ್ಟಿದ್ದರು.

ಒಬ್ಬರನ್ನು ಜಗಲಿಗೆ ಕಳಿಸಿ. ಒಳಗೆ ನೀವು ಮೆಲ್ಲಗೆ ಒಂದು ಪ್ರಶ್ನೆ ಕೇಳಿ. ಒಳಗಿನ ಮಗು ಉತ್ತರವನ್ನು ಮಾತ್ರ ಹೊರಗೆ ಕೇಳಿಸುವಂತೆ ಕೂಗಬೇಕು. ಹೊರಗಿರುವ ಮಗು 'ಒಳಗೆ ಕೇಳಿದ ಪ್ರಶ್ನೆ ಏನು?' ಅಂತ ಹೇಳಬೇಕು. ಮೊದಲ ದಿನ ಒಳಗಿನಿಂದ 'ಹಳೇಬೀಡು!' ಅಂತ ಕೂಗು ಬರುತ್ತದೆ. ಹೊರಗಿನ ಮಗು ತಲೆ ಕೆರೆದುಕೊಳ್ಳುತ್ತದೆ. ನಿಮ್ಮ ಅಜ್ಜಿ ಊರು ಯಾವುದು? ಪ್ರವಾಸ ಎಲ್ಲಿಗೆ? ದೋರಸಮುದ್ರದ ಈಗಿನ ಹೆಸರೇನು? ಎಲ್ಲಕ್ಕೂ ಹಳೇಬೀಡೇ ಉತ್ತರ. ಒಳಗಿದ್ದವರೆಲ್ಲ ನಗುತ್ತಾರೆ. ಆಮೇಲೆ 'ಹೊಯ್ಸಳೇಶ್ವರ ದೇವಾಲಯ ಹಳೇಬೀಡಿನಲ್ಲಿದೆ' ಅಂತ ಕೂಗಲಿ. ಒಂದೇ ಏಟಿಗೆ ಪ್ರಶ್ನೆ ಸಿಕ್ಕಿಬಿಡುತ್ತದೆ. ನಾಲ್ಕೈದು ಸಲ ಹೀಗೆ ಆದ ಮೇಲೆ 'ಪೂರ್ತಿ ವಾಕ್ಯದಲ್ಲಿ ಹೇಳು' ಅಂತ ನೀವು ಬೈಯಬೇಕಾಗಿಲ್ಲ. 'ಬಾಗಿಲಾಚೆ ಅರ್ಥ ಆಗುತ್ತಾ?' ಅಂದರೆ ಸಾಕು.

ಇನ್ನು ವಾಕ್ಯ ಕಟ್ಟುವ ಕೆಲಸ. ಇಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ಕನ್ನಡದಲ್ಲಿ ಪ್ರಶ್ನೆಯ ಪದ ಎಲ್ಲಿ ಕೂತಿದೆಯೋ ಉತ್ತರವೂ ಅಲ್ಲೇ ಕೂರುತ್ತದೆ. ಉಳಿದ ಪದಗಳು ಅಲುಗಾಡುವುದಿಲ್ಲ. 'ಎಲ್ಲಿದೆ ಎಂದರೆ ಹಳೇಬೀಡು' ಅಂತ ಬರೆಯುವ ನಿಮ್ಮ ಮಕ್ಕಳಿಗೆ ಈ ಜಾಗವೇ ಕಂಡಿಲ್ಲ. ಪೂರ್ತಿ ಬರೆಯಬೇಕು ಅಂತ ಗೊತ್ತು, ಉತ್ತರ ಯಾವುದು ಅಂತಲೂ ಗೊತ್ತು. ಎಲ್ಲಿ ಸೇರಿಸಬೇಕು ಅಂತ ತಿಳಿಯದೆ ಬಾಲಕ್ಕೆ ಕಟ್ಟಿದ್ದಾರೆ.

ಅದಕ್ಕೆ ಕರಿಹಲಗೆ ಮತ್ತು ಡಸ್ಟರ್ ಸಾಕು. ಹಲಗೆಯ ಮೇಲೆ ಬರೆಯಿರಿ: 'ಗೊರೂರಿನ ಅಣೆಕಟ್ಟೆಯನ್ನು ಯಾವ ನದಿಗೆ ಕಟ್ಟಿದ್ದಾರೆ?' ಒಂದು ಮಗುವನ್ನು ಕರೆದು ಪ್ರಶ್ನೆಯ ಪದವನ್ನು ಮಾತ್ರ ಒರೆಸಲು ಹೇಳಿ. 'ಯಾವ' ಹೋಯಿತು. ಆ ಖಾಲಿ ಜಾಗದಲ್ಲಿ 'ಹೇಮಾವತಿ' ಬರೆಯಲಿ. ಕೊನೆಯ ಪ್ರಶ್ನೆಯ ಗುರುತು ಅಳಿಸಿ ಚುಕ್ಕಿ ಇಟ್ಟರೆ ವಾಕ್ಯ ಮುಗಿಯಿತು. ಮಾರನೇ ದಿನ ಸ್ವಲ್ಪ ಕಷ್ಟದ್ದು: 'ಹೊಯ್ಸಳೇಶ್ವರ ದೇವಾಲಯ ಎಲ್ಲಿದೆ?' ಇಲ್ಲಿ 'ಎ' ಒಂದನ್ನೇ ಒರೆಸಿ. 'ಲ್ಲಿದೆ' ಹಲಗೆಯ ಮೇಲೇ ಉಳಿಯುತ್ತದೆ. ಅದರ ಹಿಂದೆ 'ಹಳೇಬೀಡಿನ' ಸೇರಿಸಿದರೆ 'ಹಳೇಬೀಡಿನಲ್ಲಿದೆ'. ಮೊದಲ ಸಲ ಇದನ್ನು ಕಂಡಾಗ ಮಕ್ಕಳಿಗೆ ಜಾದೂ ನೋಡಿದ ಹಾಗಾಗುತ್ತದೆ. 'ಯಾರಿಗೆ' ಅಂದರೆ 'ಗೆ' ಉಳಿಸಿ. 'ಯಾರನ್ನು' ಅಂದರೆ 'ಅನ್ನು' ಉಳಿಸಿ. 'ಎಲ್ಲಿಗೆ', 'ಎಲ್ಲಿಂದ' ಬಂದಾಗ ಮಾತ್ರ ಹುಷಾರು, ಅಲ್ಲಿ 'ಲ್ಲಿ'ಯೂ ಹೋಗಬೇಕು. ವಿಭಕ್ತಿ ಪ್ರತ್ಯಯದ ಪಟ್ಟಿ ಬಾಯಿಪಾಠ ಮಾಡಿಸಿದ್ದಕ್ಕಿಂತ ಜಾಸ್ತಿ ವಿಭಕ್ತಿಯನ್ನು ಮಕ್ಕಳು ಈ ಡಸ್ಟರಿನಿಂದ ಕಲಿತಿದ್ದನ್ನು ನಾನು ನೋಡಿದ್ದೇನೆ.

ತಿರುಗಿಸಿಯೂ ಆಡಿಸಬಹುದು. 'ಅಮ್ಮ ನಿನ್ನೆ ತೋಟದಲ್ಲಿ ಕಾಫಿ ಹಣ್ಣು ಕೊಯ್ದಳು' ಅಂತ ಒಂದು ವಾಕ್ಯ ಬರೆಯಿರಿ. ಒಂದೊಂದೇ ಪದ ಒರೆಸಿ ಅಲ್ಲಿ ಪ್ರಶ್ನೆಯ ಪದ ಹಾಕಲಿ. ಯಾರು, ಯಾವಾಗ, ಎಲ್ಲಿ, ಏನು. ಒಂದು ವಾಕ್ಯದ ಹೊಟ್ಟೆಯಿಂದ ನಾಲ್ಕು ಪ್ರಶ್ನೆ ಹುಟ್ಟುತ್ತವೆ. ಪ್ರಶ್ನೆ ಮಾಡಲು ಬಂದ ಮಗುವಿಗೆ ಉತ್ತರದ ಜಾಗ ಹುಡುಕುವುದು ಕಷ್ಟವಲ್ಲ.

ಈ ವಿದ್ಯೆ ಎಡವುವ ಕಡೆಗಳೂ ಇವೆ. 'ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಯಾರು ಕಟ್ಟಿಸಿದರು?' ಅಂತ ಕೇಳಿ ಸುಮ್ನೆ ಪದ ಬದಲಾಯಿಸಿದರೆ 'ವಿಷ್ಣುವರ್ಧನ ಕಟ್ಟಿಸಿದರು' ಆಗುತ್ತದೆ. 'ಯಾರು' ಜೊತೆಗೆ ಯಾವಾಗಲೂ 'ಅರು' ಬರುತ್ತದೆ, ಉತ್ತರದಲ್ಲಿ ಅದು ಆಳಿಗೆ ತಕ್ಕಂತೆ 'ಕಟ್ಟಿಸಿದನು' ಅಥವಾ 'ಕಟ್ಟಿಸಿದಳು' ಆಗಬೇಕು. ಗೌರವಕ್ಕೆ 'ಅರು' ಉಳಿಸಿದರೂ ತಪ್ಪೇನಿಲ್ಲ, ಆದರೆ 'ತಂಗಿ ಬಂದರು' ಅಂತ ಬರೆದಾಗ ತಿದ್ದಲೇಬೇಕು. ಎರಡನೆಯದು ನನ್ನ ಬಾಳ್ಳುಪೇಟೆ ಹುಡುಗನ ತೊಡಕು. 'ನಿನ್ನ', 'ನಿಮ್ಮ' ಬಂದರೆ ಅದು 'ನನ್ನ', 'ನಮ್ಮ' ಆಗಬೇಕು. ಇದನ್ನು ಹಲಗೆಯ ಮೇಲೆ ಕಲಿಸುವುದಕ್ಕಿಂತ ಇಬ್ಬಿಬ್ಬರನ್ನು ಎದುರು ಬದುರು ಕೂರಿಸಿ, ಎದೆ ಮುಟ್ಟಿಕೊಂಡು ಉತ್ತರ ಹೇಳಿಸುವುದು ಸುಲಭ.

ಮೂರನೆಯದು 'ಏಕೆ'. ಮಕ್ಕಳು 'ಏಕೆಂದರೆ ಮಳೆ ಬಂತು' ಅಂತ ಬರೆದು ನಿಲ್ಲಿಸುತ್ತಾರೆ. ಬಾಗಿಲಾಚೆ ನಿಂತವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಕನ್ನಡಕ್ಕೆ ಸಹಜವಾದ ದಾರಿ 'ಇಂದ'. ಮಳೆ ಬಂದದ್ದರಿಂದ ಆಟ ನಿಂತಿತು. ಕಾರಣ ಮೊದಲು, ಆದದ್ದು ಆಮೇಲೆ. ಇದು ಬಾಯಿಗೆ ಹತ್ತಲು ಒಂದು ತಿಂಗಳಾದರೂ ಬೇಕು, ಅವಸರ ಮಾಡಬೇಡಿ.

ಹೌದು, ಇಲ್ಲ ಅನ್ನುವ ಪ್ರಶ್ನೆಗಳಲ್ಲಿ ತಪ್ಪು ಮಾಡುವವರು ನಾವೇ. 'ನಿಮ್ಮೂರಿಗೆ ಆನೆ ಬಂದಿತ್ತಾ?' ಅಂದರೆ ಕನ್ನಡದವರ ಬಾಯಲ್ಲಿ ಸಹಜವಾಗಿ ಬರುವ ಉತ್ತರ 'ಬಂದಿತ್ತು'. ಅಲ್ಲಿಗೆ ಆಯಿತು. ನಾವು ಬಿಡುವುದಿಲ್ಲ. 'ಹೌದು, ನಮ್ಮ ಊರಿಗೆ ಆನೆ ಬಂದಿತ್ತು' ಅಂತ ಹೇಳಿಸುತ್ತೇವೆ. ಯಾರ ಮನೆಯಲ್ಲಿ ಹಾಗೆ ಮಾತಾಡುತ್ತಾರೆ ಹೇಳಿ?

ಇದೇ ಜಾಗದಲ್ಲಿ ನನ್ನ ಹಳೆಯ ಸಿಟ್ಟೊಂದನ್ನು ಹೇಳಿಕೊಳ್ಳುತ್ತೇನೆ. ಪೂರ್ತಿ ವಾಕ್ಯ ಅಂದರೆ ಉದ್ದ ವಾಕ್ಯ ಅಂತ ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ. ಕನ್ನಡದಲ್ಲಿ 'ಬಂದಳು' ಅನ್ನುವುದು ಒಂದೇ ಪದ. ಬಂದವಳು ಹೆಣ್ಣು, ಒಬ್ಬಳೇ, ಬಂದಾಗಿದೆ, ಇಷ್ಟೂ ಅದರಲ್ಲಿದೆ. ಅದು ವಾಕ್ಯವೇ. ಹಾಗೆಯೇ ಕ್ರಿಯಾಪದ ಇಲ್ಲದೆಯೂ ಕನ್ನಡ ವಾಕ್ಯ ಪೂರ್ತಿಯಾಗುತ್ತದೆ. 'ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ.' ಇದಕ್ಕೇನು ಕಮ್ಮಿಯಾಗಿದೆ? ಆದರೂ ಎಷ್ಟೋ ನೋಟ್‌ಬುಕ್‌ಗಳಲ್ಲಿ ಕೆಂಪು ಶಾಯಿಯಲ್ಲಿ 'ಆಗಿದೆ' ಸೇರಿಸಿರುವುದನ್ನು ಕಂಡಿದ್ದೇನೆ. ಮುಳ್ಳಯ್ಯನಗಿರಿ ಆಗಿದೆ, ಕಾಫಿ ಒಂದು ಬೆಳೆ ಆಗಿದೆ, ನನ್ನ ತಂದೆ ರೈತರಾಗಿದ್ದಾರೆ. ಇದು ಇಂಗ್ಲಿಷಿನ 'ಈಸ್' ಕನ್ನಡದ ಪಂಚೆ ಉಟ್ಟುಕೊಂಡು ಬಂದಿರುವುದು. ಮಗು ಸರಿಯಾಗಿ ಬರೆದದ್ದನ್ನು ನಾವೇ ಕೆಡಿಸಬಾರದು.

ಈಗ ಸ್ವಲ್ಪ ಕಹಿ ಮಾತು. ಮಕ್ಕಳು ಒಂದೇ ಪದ ಹೇಳುವುದಕ್ಕೆ ಅರ್ಧ ಕಾರಣ ನಾವು ಪಾಠ ಮಾಡುವ ರೀತಿ. ನಿಮ್ಮ ಒಂದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ರಾತ್ರಿ ಕೇಳಿ ನೋಡಿ. 'ಹಳೇಬೀಡು ಯಾರ ರಾಜಧಾನಿ ಆಗಿತ್ತು? ಹೊಯ್ಸ...?' ಅಂತ ನಾವು ರಾಗ ಎಳೆಯುತ್ತೇವೆ, ಮಕ್ಕಳು ಒಟ್ಟಾಗಿ 'ಳರ!' ಅನ್ನುತ್ತಾರೆ. ಒಂದು ಪದವೂ ಬೇಡ, ಅರ್ಧ ಪದ ಸಾಕು. ವಾಕ್ಯ ಪೂರ್ತಿ ನಮ್ಮದು, ಬಾಲ ಮಾತ್ರ ಅವರದು. ದಿನಾ ಐದು ಗಂಟೆ ಹೀಗೆ ಅಭ್ಯಾಸ ಮಾಡಿಸಿ, ಪರೀಕ್ಷೆಯ ದಿನ ವಾಕ್ಯ ಎಲ್ಲಿ ಅಂತ ಕೇಳುತ್ತೇವೆ. ನಾನು ಈ ಚಟ ಬಿಡಲು ಎರಡು ವರ್ಷ ಒದ್ದಾಡಿದೆ.

ಇನ್ನೊಂದು ಚಟ ನಡುವೆ ಬಾಯಿ ಹಾಕುವುದು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಮಗು 'ಹಳೇಬೀಡಿನಲ್ಲಿ...' ಅನ್ನುವಷ್ಟರಲ್ಲಿ ನಾವು 'ವೆರಿ ಗುಡ್' ಅಂದು ಮುಂದಿನ ಪ್ರಶ್ನೆಗೆ ಹೋಗಿರುತ್ತೇವೆ. 'ಇದೆ' ಮಗುವಿನ ಗಂಟಲಲ್ಲೇ ಉಳಿಯಿತು. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಇದನ್ನೇ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಕಡಿಮೆಯಾಯಿತು. ಮಗು ಮಾತು ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ಕಾಯಬೇಕು ಅನ್ನುವುದು ಅವರು ಕಂಡುಕೊಂಡ ಇನ್ನೊಂದು ವಿಷಯ. 3 ಸೆಕೆಂಡ್ ಕೇಳಲು ಸಣ್ಣದು. ತರಗತಿಯಲ್ಲಿ ನಿಂತು ಕಾದರೆ ಯುಗ ಅನ್ನಿಸುತ್ತದೆ. ನಾನು ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಮೂರು ಸಲ ದಾಟಿಸುತ್ತಿದ್ದೆ.

ಪ್ರಶ್ನೆಗಳನ್ನೂ ಸ್ವಲ್ಪ ನೋಡಿ. 'ಗೊಮ್ಮಟ ಎಲ್ಲಿದ್ದಾನೆ?' ಅಂದರೆ ಶ್ರವಣಬೆಳಗೊಳ ಅಂತ ಒಂದೇ ಪದ ಬಂದರೆ ಅದು ಪ್ರಶ್ನೆಯದೇ ತಪ್ಪು. 'ಸುಮಾರು 57 ಅಡಿಯ ಆ ಮೂರ್ತಿಯನ್ನು ಕೆಳಗೆ ಕೆತ್ತಿ ಬೆಟ್ಟಕ್ಕೆ ಏರಿಸಿದರಾ, ಬೆಟ್ಟದ ಬಂಡೆಯಲ್ಲೇ ಕೆತ್ತಿದರಾ? ನಿನಗೆ ಹೇಗನ್ನಿಸುತ್ತೆ?' ಅಂತ ಕೇಳಿ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಬಳಪದ ಕಲ್ಲನ್ನು ಯಾಕೆ ಆರಿಸಿಕೊಂಡರು ಅಂತ ಕೇಳಿ. ಸ್ಲೇಟಿನ ಮೇಲೆ ಬಳಪ ಸವೆದದ್ದನ್ನು ಕಂಡ ಮಗು 'ಬಳಪ ಮೆತ್ತಗಿರೋದ್ರಿಂದ ಸಣ್ಣ ಸಣ್ಣ ಕೆತ್ತನೆ ಮಾಡಬಹುದು' ಅಂತ ತಾನೇ ಹೇಳುತ್ತದೆ. ನೋಡಿ, 'ಇಂದ' ತಾನಾಗಿ ಬಂತು. ನಿಮ್ಮ ಸಕಲೇಶಪುರದಲ್ಲಂತೂ ಆನೆ ಇದೆ. 'ರಾತ್ರಿ ಆನೆ ಬಂದರೆ ನಿಮ್ಮನೆಯಲ್ಲಿ ಏನು ಮಾಡುತ್ತೀರಿ?' ಅಂದು ಕೂತುಬಿಡಿ. ವಾಕ್ಯ ಸಾಕು ನಿಲ್ಲಿಸಿ ಅನ್ನುವ ಪರಿಸ್ಥಿತಿ ಬರುತ್ತದೆ.

ಆಗ ಬರುವ ಕನ್ನಡ ಪುಸ್ತಕದ ಕನ್ನಡವಾಗಿರುವುದಿಲ್ಲ. 'ನಮ್ಮಪ್ಪ ತ್ವಾಟಕ್ಕೆ ಹೋಗವ್ರೆ, ಅಲ್ಲಿ ಆನೆ ಐತೆ.' ದಯವಿಟ್ಟು ಅಲ್ಲೇ ತಡೆದು ತಿದ್ದಬೇಡಿ. ಯಾರು, ಎಲ್ಲಿಗೆ, ಏನಾಯಿತು, ಎಲ್ಲ ಇರುವ ಪೂರ್ತಿ ವಾಕ್ಯ ಅದು. 'ಹೌದಾ, ನಿಮ್ಮಪ್ಪ ತೋಟಕ್ಕೆ ಹೋಗಿದ್ದಾರಾ? ಆನೆ ಎಷ್ಟಿದ್ದವು?' ಅಂತ ಮಾತು ಮುಂದುವರಿಸಿ. ಬರಹದ ರೂಪ ಅದರ ಕಿವಿಗೆ ಬಿತ್ತು, ಸಾಕು. ಒಂದು ದಿನ ವಾಕ್ಯ ಕಟ್ಟುವುದನ್ನು ಕಲಿಸಿ, ಇನ್ನೊಂದು ದಿನ 'ಐತೆ'ಯನ್ನು 'ಇದೆ' ಅಂತ ಬರೆಯುವುದನ್ನು ಕಲಿಸಿ. ಎರಡನ್ನೂ ಒಟ್ಟಿಗೆ ತಲೆಯ ಮೇಲೆ ಹೊರಿಸಿದರೆ ಮಗು ಮತ್ತೆ ಒಂದು ಪದಕ್ಕೇ ವಾಪಸ್ ಹೋಗುತ್ತದೆ. ಒಂದು ಪದದಲ್ಲಿ ತಪ್ಪು ಕಡಿಮೆ ಅಲ್ವಾ?

ಎಸ್ಟೇಟ್ ಕೆಲಸದವರ ಲೈನ್ ಮನೆಗಳಿಂದ ಬರುವ ತಮಿಳು ಮಕ್ಕಳ ಬಗ್ಗೆ ಜಾಸ್ತಿ ಚಿಂತೆ ಬೇಡ. ತಮಿಳಿನ ವಾಕ್ಯದ ಕಟ್ಟೂ ನಮ್ಮದರಂತೆಯೇ. ಪ್ರಶ್ನೆಯ ಪದದ ಜಾಗದಲ್ಲೇ ಉತ್ತರ, ಕ್ರಿಯಾಪದ ಕೊನೆಗೆ. ಹಾಗಾಗಿ ಡಸ್ಟರಿನ ವಿದ್ಯೆ ಅವರಿಗೂ ಬೇಗ ಹತ್ತುತ್ತದೆ. ಅವರಿಗೆ ಕೊರತೆ ಇರುವುದು ಪದಗಳದ್ದು. ಉತ್ತರವನ್ನು ಮೊದಲು ಪಕ್ಕದವರಿಗೆ ಪಿಸುಗುಟ್ಟಲು ಒಂದು ನಿಮಿಷ ಕೊಡಿ, ಆಮೇಲೆ ಎಲ್ಲರೆದುರು ಹೇಳಲಿ.

ಇಂಗ್ಲಿಷಿಗೆ ಮಾತ್ರ ಈ ಡಸ್ಟರ್ ಹಿಡಿದುಕೊಂಡು ಹೋಗಬೇಡಿ. ಅಲ್ಲಿ ಪ್ರಶ್ನೆಯ ಪದ ಮುಂದಕ್ಕೆ ಓಡುತ್ತದೆ, ನಡುವೆ 'ಡಸ್', 'ಡಿಡ್' ನುಗ್ಗುತ್ತವೆ. 'ವೇರ್ ಡಸ್ ಯುವರ್ ಫಾದರ್ ವರ್ಕ್?' ಅನ್ನುವುದಕ್ಕೆ ಪದ ಬದಲಾಯಿಸಿ ಉತ್ತರ ಕಟ್ಟಲು ಹೋದ ಮಗು 'ಎಸ್ಟೇಟ್ ಡಸ್ ಮೈ ಫಾದರ್ ವರ್ಕ್' ಅನ್ನುತ್ತದೆ. ಅಲ್ಲಿ ಪ್ರಶ್ನೆಯಿಂದ ಉತ್ತರ ಕಟ್ಟಿಸುವ ಬದಲು ಉತ್ತರದ ಮಾದರಿಯನ್ನೇ ಮೊದಲು ಬಾಯಿಗೆ ಹತ್ತಿಸಿ: 'ಮೈ ಫಾದರ್ ವರ್ಕ್ಸ್ ಇನ್...' ಖಾಲಿ ಜಾಗವನ್ನು ಒಬ್ಬೊಬ್ಬರೂ ತಮ್ಮದರಿಂದ ತುಂಬಲಿ. ಕನ್ನಡದಲ್ಲಿ ವಾಕ್ಯ ಗಟ್ಟಿಯಾದ ಮೇಲೆಯೇ ಇದನ್ನು ಶುರು ಮಾಡಿ.

ಪರೀಕ್ಷೆಯ ವಿಷಯ ಎರಡೇ ಮಾತು. ಎಸ್‌ಎಸ್‌ಎಲ್‌ಸಿವರೆಗೂ ಪ್ರಶ್ನೆಪತ್ರಿಕೆಯಲ್ಲಿ 'ಒಂದು ವಾಕ್ಯದಲ್ಲಿ ಉತ್ತರಿಸಿ' ಬರುತ್ತಲೇ ಇರುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ದಿನದ ಎಲ್ಲ ಉತ್ತರಕ್ಕೂ ಅದೇ ಕಾನೂನು ಹಾಕಬೇಡಿ. ದಿನಕ್ಕೆ 10 ನಿಮಿಷ ಬಾಗಿಲಾಚೆ ಅಥವಾ ಡಸ್ಟರ್, ಬರೆಯುವ ಕೆಲಸದಲ್ಲಿ ಎರಡು ಪ್ರಶ್ನೆಗೆ ಪೂರ್ತಿ ವಾಕ್ಯ. ಮಗ್ಗಿ ಕೇಳುವಾಗ, ಹಾಜರಿ ಕರೆಯುವಾಗ ಒಂದು ಪದವೇ ಚೆಂದ.

ಬಾಯಿ ಬಿಡದ ಆ ಹುಡುಗಿಗೆ ಸದ್ಯ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಆಟದಲ್ಲಿ ಮೊದಲು ಅವಳನ್ನೇ ಜಗಲಿಗೆ ಕಳಿಸಿ, ಜೊತೆಗೆ ಅವಳ ಗೆಳತಿಯೊಬ್ಬಳೂ ಇರಲಿ. ಹೊರಗೆ ನಿಂತವರನ್ನು ಯಾರೂ ನೋಡುತ್ತಿರುವುದಿಲ್ಲ. ಅಲ್ಲಿ ಅವಳು ಉತ್ತರ ಹೇಳಬೇಕಾಗಿಲ್ಲ, ಒಳಗೆ ಏನು ಕೇಳಿರಬಹುದು ಅಂತ ಊಹಿಸಬೇಕು ಅಷ್ಟೇ. ಮೊದಲು ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಿಂದ ಒಳಗೆ ಕೊಡಲಿ, ಬರೆಯುವುದು ಅವಳಿಗೆ ಬರುತ್ತದಲ್ಲ. ಅವಳು ಬರೆದ ಪ್ರಶ್ನೆಯೂ ಒಂದು ಪೂರ್ತಿ ವಾಕ್ಯವೇ. ಅದನ್ನು ಗಟ್ಟಿಯಾಗಿ ಓದಿ, ಡಸ್ಟರನ್ನು ಅವಳ ಕೈಗೆ ಕೊಡಿ.